ಒಂದೇ ಚೀಟಿಯಲ್ಲಿ ಸೇರಿಹೋಗಿದ್ದ ಥೂಸಿಡಿಡೀಸರು

ಗ್ರೀಕ್ ಇತಿಹಾಸದ ಕನ್ನಡ ಪುಸ್ತಕವೊಂದಕ್ಕೆ ನಾಮಸೂಚಿ ಸಿದ್ಧಪಡಿಸುವಾಗ ನಾನು ಮೊದಲು ಎಡವಿದ್ದು ಥೂಸಿಡಿಡೀಸ್ ಎಂಬ ಹೆಸರಿನಲ್ಲಿ. ಹೆಸರಿಗೊಂದು ಚೀಟಿ ಎಂಬ ಕ್ರಮ ಇಟ್ಟುಕೊಂಡಿದ್ದೆ. ಅಥೆನ್ಸಿನ ನಾಯಕ ಪೆರಿಕ್ಲೀಸನ ಎದುರಾಳಿಯಾಗಿದ್ದು ಕ್ರಿ.ಪೂ. 443ರ ಸುಮಾರಿಗೆ ಗಡಿಪಾರಾದವನೂ ಅಥೆನ್ಸ್ ಮತ್ತು ಸ್ಪಾರ್ಟಾ ನಡುವಿನ ಪೆಲೊಪೊನೀಸಿಯನ್ ಯುದ್ಧದ ಚರಿತ್ರೆ ಬರೆದವನೂ ಅದರಲ್ಲಿ ಒಬ್ಬನೇ ಆಗಿಹೋಗಿದ್ದುದು ಕರಡು ತಿದ್ದುವಾಗಷ್ಟೇ ಕಂಡಿತು. ಇತಿಹಾಸಕಾರನೂ ಕ್ರಿ.ಪೂ. 424ರಲ್ಲಿ ತಾನು ಸೇನಾಪತಿಯಾಗಿದ್ದಾಗ ಆಂಫಿಪೊಲಿಸ್ ಪಟ್ಟಣ ಅಥೆನ್ಸಿನ ಕೈತಪ್ಪಿದ ಮೇಲೆ 20 ವರ್ಷ ಊರಿನಿಂದ ಹೊರಗಿದ್ದವನೇ ಆದ್ದರಿಂದ, ಗಡಿಪಾರು ಎಂಬ ಒಂದು ಮಾತೇ ನನ್ನನ್ನು ದಾರಿ ತಪ್ಪಿಸಿತ್ತು.

ಆಮೇಲೆ ಪ್ರತಿಯೊಬ್ಬರಿಗೂ ತಂದೆ, ಊರು, ವರ್ಷ ಈ ಮೂರನ್ನೂ ಬರೆದ ಹೊರತು ಚೀಟಿಯನ್ನು ಜೋಡಿಸಲಿಲ್ಲ. ಇತಿಹಾಸಕಾರ ಅಥೆನ್ಸ್ ನಾಡಿನ ಹಲಿಮೌಸ್ ಎಂಬ ಊರಿನವನು, ಒಲೋರಸನ ಮಗ. ಪೆರಿಕ್ಲೀಸನ ಎದುರಾಳಿಯಾದ ರಾಜಕಾರಣಿ ಅದೇ ನಾಡಿನ ಅಲೋಪೆಕೆಯವನು, ಮೆಲೇಸಿಯಾಸನ ಮಗ. ಇಮ್ಮಡಿ ಪುಲಕೇಶಿ ಎಂದು ನಾವು ಅರಸರನ್ನು ಎಣಿಸಿ ಗುರುತಿಸುತ್ತೇವೆ, ಆದರೆ ಅಥೆನ್ಸಿನ ನಾಗರಿಕರಿಗೆ ಆ ಎಣಿಕೆ ಹೊಂದುವುದಿಲ್ಲ. ಗಡಿಪಾರಿನ ಮತ ಹಾಕಲು ಬಳಸಿದ ಮಡಕೆ ಚೂರುಗಳಲ್ಲಿ ಅವರೇ 'ಥೆಮಿಸ್ಟೊಕ್ಲೀಸ್, ನಿಯೊಕ್ಲೀಸನ ಮಗ' ಎಂದು ಗೀಚಿದ್ದಾರೆ; ನನಗೆ ಅದಕ್ಕಿಂತ ಒಳ್ಳೆಯ ಮಾದರಿ ಸಿಗಲಿಲ್ಲ.

ತಂದೆಯ ಹೆಸರೊಂದೇ ಸಾಕೆಂದು ನೆಚ್ಚುವಂತೆಯೂ ಇಲ್ಲ. ನಮ್ಮಲ್ಲಿ ಇರುವಂತೆಯೇ ಅಲ್ಲಿಯೂ ಮೊಮ್ಮಗನಿಗೆ ತಾತನ ಹೆಸರಿಡುವ ರೂಢಿಯಿತ್ತು. ರಾಜಕಾರಣಿಯ ಮಗನ ಹೆಸರು ಮತ್ತೆ ಮೆಲೇಸಿಯಾಸ್, ಅವನ ಮಗ ಮತ್ತೆ ಥೂಸಿಡಿಡೀಸ್. ಪ್ಲೇಟೋನ 'ಲಾಖೀಸ್' ಸಂಭಾಷಣೆಯಲ್ಲಿ ಈ ಹುಡುಗ ಬರುತ್ತಾನೆ. ಹೀಗಾಗಿ 'ಮೆಲೇಸಿಯಾಸನ ಮಗ ಥೂಸಿಡಿಡೀಸ್' ಎಂದರೆ ತಾತನೂ ಆಗಬಹುದು, ಮೊಮ್ಮಗನೂ ಆಗಬಹುದು. ಅವರನ್ನು ಬಿಡಿಸುವುದು ವರ್ಷವೊಂದೇ.

ನಾಲ್ಕನೆಯವನು ಥೆಸಲಿ ಪ್ರಾಂತದ ಫಾರ್ಸಲಸ್ ಪಟ್ಟಣದವನು. ಕ್ರಿ.ಪೂ. 411ರಲ್ಲಿ ಅಥೆನ್ಸಿನ ಒಳಜಗಳದಲ್ಲಿ ಆಯುಧ ಹಿಡಿದು ಹೊರಟ ಜನರನ್ನು ಅಡ್ಡಗಟ್ಟಿ, ಶತ್ರು ಹತ್ತಿರದಲ್ಲೇ ಇರುವಾಗ ನಾಡನ್ನು ಹಾಳುಮಾಡಬೇಡಿ ಎಂದು ಕೂಗಿ ತಡೆದವನು ಇವನು. ತನ್ನದೇ ಹೆಸರಿನ ಈ ಮನುಷ್ಯನನ್ನು ಇತಿಹಾಸಕಾರ ಊರಿನ ಹೆಸರು ಹೇಳಿಯೇ ಪರಿಚಯಿಸುತ್ತಾನೆ.

ನನಗೆ ಹೆಚ್ಚು ದಿನ ಹಿಡಿದದ್ದು ಐದನೆಯ ಚೀಟಿ. ಅಥೆನ್ಸ್ ಸಾಮೋಸ್ ದ್ವೀಪಕ್ಕೆ ಹಾಕಿದ ಮುತ್ತಿಗೆಗೆ ಹಾಗ್ನಾನ್ ಮತ್ತು ಫಾರ್ಮಿಯೊ ಎಂಬ ಸೇನಾಪತಿಗಳ ಜೊತೆ ಹಡಗುಗಳೊಂದಿಗೆ ಹೋದ ಥೂಸಿಡಿಡೀಸನಿಗೆ ಇತಿಹಾಸಕಾರನ ಗ್ರಂಥದಲ್ಲಿ ತಂದೆಯ ಹೆಸರೂ ಇಲ್ಲ, ಊರೂ ಇಲ್ಲ. ಮೆಲೇಸಿಯಾಸನ ಮಗ ಆಗ ಗಡಿಪಾರಿನಲ್ಲಿ ಇರಬೇಕಾದವನು. ಊಹೆಯಿಂದ ಯಾರಿಗೂ ಸೇರಿಸದೆ, 'ಸಾಮೋಸಿಗೆ ಹೋದ ಸೇನಾಪತಿ, ಕ್ರಿ.ಪೂ. 440' ಎಂದು ಅವನನ್ನು ಬೇರೆಯಾಗಿಯೇ ನಮೂದಿಸಿದೆ.