ಶಾಂಬರ್ಗ್‌ಗೆ ಹೊಸದಾಗಿ ಬಂದವರಿಗೆ ವುಡ್‌ಫೀಲ್ಡ್ ಪರಿಚಯ

ಶಿಕಾಗೊದ ವಾಯವ್ಯ ಉಪನಗರಗಳಿಗೆ ಬಂದಿಳಿದ ಕನ್ನಡದವರು ಮೊದಲ ವಾರ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಸೋನಾ ಮಸೂರಿ ಎಲ್ಲಿ ಸಿಗುತ್ತದೆ, ಮಕ್ಕಳಿಗೆ ಯಾವ ಶಾಲೆ, ಚಳಿಗೆ ಕೋಟು ಎಲ್ಲಿ ಕೊಳ್ಳಬೇಕು. ಮೊದಲ ಎರಡಕ್ಕೆ ವಿವರವಾಗಿ ಉತ್ತರ ಹೇಳುವವರು ಕನ್ನಡ ಕೂಟದಲ್ಲಿ ಬೇಕಾದಷ್ಟು ಜನ ಇದ್ದಾರೆ. ಮೂರನೆಯದಕ್ಕೆ ಮಾತ್ರ ಎಲ್ಲರೂ ‘ವುಡ್‌ಫೀಲ್ಡ್‌ಗೆ ಹೋಗಿ’ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ವುಡ್‌ಫೀಲ್ಡ್ ಎಂದರೆ ಶಾಂಬರ್ಗ್‌ನ ದೊಡ್ಡ ಮಾಲ್. ಆ ಒಂದು ಮಾತನ್ನು ಇಲ್ಲಿ ಬಿಡಿಸಿ ಹೇಳುತ್ತಿದ್ದೇನೆ. ನಾನು 1997ರ ಅಕ್ಟೋಬರ್‌ನಲ್ಲಿ ಇಲ್ಲಿಗೆ ಬಂದಾಗ ಯಾರಾದರೂ ಇದನ್ನು ಹೇಳಿದ್ದರೆ ಈ ಊರು ನನಗೆ ಬೇಗ ಹತ್ತಿರವಾಗುತ್ತಿತ್ತು.

ಮೊದಲು ಒಂದು ಸಣ್ಣ ತೊಡಕು. ಹಳಬರು ದಾರಿ ಹೇಳುವಾಗ ಈಗ ಇಲ್ಲದ ಅಂಗಡಿಗಳ ಹೆಸರು ಹೇಳುತ್ತಾರೆ. ‘ಸಿಯರ್ಸ್ ಕಡೆಯ ಬಾಗಿಲಿಗೆ ಬನ್ನಿ’, ‘ಫೀಲ್ಡ್ಸ್ ಪಕ್ಕ ಕಾರು ನಿಲ್ಲಿಸಿ’. ಫೋನಿನ ನಕ್ಷೆಯಲ್ಲಿ ಹುಡುಕಿದರೆ ಎರಡೂ ಸಿಗುವುದಿಲ್ಲ. ಫೀಲ್ಡ್ಸ್, ಅಂದರೆ ಮಾರ್ಷಲ್ ಫೀಲ್ಡ್ಸ್ ಮಳಿಗೆ, ಇಂದಿನ ಮೇಸೀಸ್. ಸಿಯರ್ಸ್ ಇದ್ದ ಭಾಗ 2021ರ ನವೆಂಬರ್‌ನಲ್ಲಿ ಬಾಗಿಲು ಹಾಕಿತು. ನಮ್ಮಲ್ಲೂ ಟಾಕೀಸು ಕೆಡವಿ ಎಷ್ಟೋ ವರ್ಷಗಳಾದ ಮೇಲೂ ಬಸ್ ನಿಲ್ದಾಣಕ್ಕೆ ಅದೇ ಟಾಕೀಸಿನ ಹೆಸರು ಉಳಿದಿರುತ್ತದಲ್ಲ, ಇದೂ ಹಾಗೆಯೇ. ಇನ್ನೊಂದು ವಿಷಯ: ಮಾಲ್‌ನ ಹೆಸರಿನೊಳಗೇ ಈ ಎರಡು ಹಳೆಯ ಅಂಗಡಿಗಳು ಕುಳಿತಿವೆ. ‘ವುಡ್’ ಎಂದರೆ ಮರವಲ್ಲ, ‘ಫೀಲ್ಡ್’ ಎಂದರೆ ಹೊಲವೂ ಅಲ್ಲ. ಸಿಯರ್ಸ್ ಕಂಪನಿಯನ್ನು ಕಟ್ಟಿ ಬೆಳೆಸಿದ ಜನರಲ್ ರಾಬರ್ಟ್ ವುಡ್ ಮತ್ತು ಶಿಕಾಗೊದ ವ್ಯಾಪಾರಿ ಮಾರ್ಷಲ್ ಫೀಲ್ಡ್, ಈ ಇಬ್ಬರ ಹೆಸರು ಸೇರಿಸಿ ಇಟ್ಟದ್ದು. ವುಡ್ 1969ರಲ್ಲಿ ತೀರಿಕೊಂಡರು, ಫೀಲ್ಡ್ 1906ರಲ್ಲೇ. ಮಾಲ್ ತೆರೆದದ್ದು 1971ರ ಸೆಪ್ಟೆಂಬರ್ 9ರಂದು. ಹಾಗಾಗಿ ತಮ್ಮ ಹೆಸರಿನ ಈ ಕಟ್ಟಡವನ್ನು ಇಬ್ಬರೂ ನೋಡಲಿಲ್ಲ.

ಈ ರಾಬರ್ಟ್ ವುಡ್ ಯಾರೆಂದು ತಿಳಿದರೆ ನೀವು ಬಂದಿರುವ ಉಪನಗರ ಅರ್ಥವಾಗುತ್ತದೆ. ಸೇನೆಯ ಅಧಿಕಾರಿಯಾಗಿದ್ದವರು, ಪನಾಮಾ ಕಾಲುವೆಯ ಕೆಲಸದಲ್ಲಿದ್ದವರು. ಸರ್ಕಾರ ಹೊರತರುತ್ತಿದ್ದ ಅಂಕಿಅಂಶಗಳ ದಪ್ಪ ವಾರ್ಷಿಕ ಪುಸ್ತಕವನ್ನು ಆಸೆಯಿಂದ ಓದುತ್ತಿದ್ದರಂತೆ. ಅವರು ಸಿಯರ್ಸ್‌ಗೆ ಸೇರಿದ 1924ರಲ್ಲಿ ಅದು ಅಂಚೆಯ ಮೂಲಕ ಮಾರುವ ಕಂಪನಿ. ದಪ್ಪನೆಯ ಕ್ಯಾಟಲಾಗು ರೈತರ ಮನೆಗೆ ಹೋಗುತ್ತಿತ್ತು, ಅವರು ಬರೆದು ತರಿಸಿಕೊಳ್ಳುತ್ತಿದ್ದರು. ಹೊಲಿಗೆ ಯಂತ್ರವಷ್ಟೇ ಅಲ್ಲ, ಇಡೀ ಮನೆಯನ್ನೇ ತರಿಸಿಕೊಳ್ಳಬಹುದಾಗಿತ್ತು. 1908ರಿಂದ 1940ರವರೆಗೆ ಕತ್ತರಿಸಿದ ಮರ, ಮೊಳೆ, ಬಾಗಿಲು ಎಲ್ಲವೂ ರೈಲಿನಲ್ಲಿ ಬಂದು ಇಳಿಯುತ್ತಿದ್ದವು, ಜೊತೆಗೆ ಜೋಡಿಸುವ ಕ್ರಮದ ಪುಸ್ತಕ. ನಮ್ಮ ಪಕ್ಕದ ಎಲ್ಜಿನ್‌ನಲ್ಲೂ ಡೌನರ್ಸ್ ಗ್ರೋವ್‌ನಲ್ಲೂ ಅಂಥ ಮನೆಗಳಲ್ಲಿ ಇಂದಿಗೂ ಜನ ವಾಸವಾಗಿದ್ದಾರೆ. ಮನೆ ಹುಡುಕುವಾಗ ದಲ್ಲಾಳಿ ‘ಸಿಯರ್ಸ್ ಮನೆ’ ಎಂದರೆ ಗಾಬರಿಯಾಗಬೇಡಿ, ಅದು ಹೆಮ್ಮೆಯ ಮಾತು.

ಜನ ಹಳ್ಳಿ ಬಿಟ್ಟು ಪಟ್ಟಣಕ್ಕೆ ಬರುತ್ತಿದ್ದಾರೆ, ಎಲ್ಲರೂ ಕಾರು ಕೊಳ್ಳುತ್ತಿದ್ದಾರೆ ಎಂದು ವುಡ್ ಅಂಕಿಗಳಿಂದಲೇ ಕಂಡುಕೊಂಡರು. 1925ರಲ್ಲಿ ಸಿಯರ್ಸ್‌ನ ಮೊದಲ ಅಂಗಡಿ ಶಿಕಾಗೊದಲ್ಲಿ ತೆರೆಯಿತು. ಆಮೇಲೆ ಅವರು ಹೆಚ್ಚಿನ ಅಂಗಡಿಗಳನ್ನು ಪೇಟೆಯ ನಡುವೆ ಕಟ್ಟಿಸಲಿಲ್ಲ. ಜಾಗ ಅಗ್ಗವಾಗಿದ್ದ, ಕಾರು ನಿಲ್ಲಿಸಲು ಬಯಲು ಸಿಗುವ ಊರಂಚಿನಲ್ಲಿ ಕಟ್ಟಿಸಿದರು. ಇಂದು ನಮ್ಮ ಸುತ್ತ ಕಾಣುವ ದೊಡ್ಡ ಅಂಗಡಿ, ಅದಕ್ಕಿಂತ ದೊಡ್ಡ ಪಾರ್ಕಿಂಗ್ ಬಯಲಿನ ಹಿಂದೆ ಈ ಯೋಚನೆ ಇದೆ.

ಮಾರ್ಷಲ್ ಫೀಲ್ಡ್ಸ್‌ನ ದಾರಿಯೇ ಬೇರೆ. ಅದು ಶಿಕಾಗೊ ಪೇಟೆಯ ಸ್ಟೇಟ್ ಸ್ಟ್ರೀಟ್‌ನ ಅರಮನೆಯಂಥ ಮಳಿಗೆ. ಗಾಜಿನ ಚೂರುಗಳ ಟಿಫನಿ ಚಾವಣಿ, ಮೂಲೆಯಲ್ಲಿ ತೂಗುವ ಹಸಿರು ಬಣ್ಣದ ಭಾರೀ ಗಡಿಯಾರ, ಏಳನೆಯ ಮಹಡಿಯಲ್ಲಿ ವಾಲ್‌ನಟ್ ರೂಮ್ ಎಂಬ ಭೋಜನಶಾಲೆ. ಗಿರಾಕಿ ಕೇಳಿದ್ದನ್ನು ಕೊಡು ಎಂಬುದು ಆ ಮನೆತನದ ಪಾಠವಾಗಿತ್ತು. ಕೊಂಡದ್ದು ಹಿಡಿಸದಿದ್ದರೆ ಮರುಮಾತಿಲ್ಲದೆ ಹಿಂದಕ್ಕೆ ಪಡೆಯುವ ಪದ್ಧತಿಯನ್ನು ಇಂಥ ಮಳಿಗೆಗಳೇ ಈ ದೇಶಕ್ಕೆ ರೂಢಿ ಮಾಡಿಸಿದವು. ‘ಮಾರಿದ ಸರಕನ್ನು ವಾಪಸ್ ಪಡೆಯುವುದಿಲ್ಲ’ ಎಂಬ ಫಲಕ ನೋಡಿ ಬೆಳೆದ ನಮಗೆ ಇದನ್ನು ನಂಬಲು ವರ್ಷಗಳು ಬೇಕು. ನಂಬಿ. ರಸೀದಿ ಇಟ್ಟುಕೊಳ್ಳಿ, ಬೆಲೆಚೀಟಿ ಕೀಳಬೇಡಿ, ರಸೀದಿಯಲ್ಲಿ ಬರೆದಿರುವ ದಿನಗಳೊಳಗೆ ಹೋಗಿ ಕೊಡಿ. ಸಂಕೋಚಪಟ್ಟು, ಬಿಗಿಯಾಗುವ ಕೋಟನ್ನೇ ಇಡೀ ಚಳಿಗಾಲ ತೊಟ್ಟವರನ್ನು ನಾನು ಕಂಡಿದ್ದೇನೆ.

ಇನ್ನು ಊರಿನ ಮಾತು. ಇಲ್ಲಿ ಜರ್ಮನಿಯ ಶಾಂಬರ್ಗ್‌ನಿಂದ ಬಂದ ರೈತರು ಬೇಸಾಯ ಮಾಡುತ್ತಿದ್ದರು. 1956ರಲ್ಲಿ ಇದು ಅಧಿಕೃತವಾಗಿ ‘ವಿಲೇಜ್’, ಅಂದರೆ ಸ್ವಂತ ಆಡಳಿತದ ಊರು, ಆದಾಗ ಇದ್ದ ಜನ 130. ಈಗ ಸುಮಾರು 78 ಸಾವಿರ. 1959ರಿಂದ 1975ರವರೆಗೆ ಊರಿನ ಅಧ್ಯಕ್ಷರಾಗಿದ್ದವರು ಬಾಬ್ ಆಚರ್, ರೇಡಿಯೊದಲ್ಲಿ ಜನಪದ ಧಾಟಿಯ ಹಾಡು ಹಾಡಿ ಹೆಸರಾದ ಗಾಯಕ. ಅವರ ಕಾಲದಲ್ಲಿ ಹೆದ್ದಾರಿಗಳು ಕೂಡುವ ಜಾಗದ ಹೊಲಗಳ ಮೇಲೆ ವುಡ್‌ಫೀಲ್ಡ್ ಎದ್ದಿತು. ಕಟ್ಟಿದವರು ಆಲ್ಫ್ರೆಡ್ ಟಾಬ್‌ಮನ್, ಜೊತೆಗೆ ಸಿಯರ್ಸ್‌ನದೇ ಆದ ಹೋಮಾರ್ಟ್ ಎಂಬ ಕಂಪನಿ. ಸಿಯರ್ಸ್, ಜೆಸಿ ಪೆನ್ನಿ, ಮಾರ್ಷಲ್ ಫೀಲ್ಡ್ಸ್ ಮೊದಲು ಬಂದವು, 1973ರಲ್ಲಿ ಲಾರ್ಡ್ ಆ್ಯಂಡ್ ಟೇಲರ್ ಸೇರಿತು, 1995ರಲ್ಲಿ ನಾರ್ಡ್‌ಸ್ಟ್ರಾಮ್.

ಆ ಮಾಲ್‌ನ ಮಾರಾಟ ತೆರಿಗೆ ಊರಿನ ಬೊಕ್ಕಸವನ್ನು ಎಷ್ಟು ತುಂಬಿತೆಂದರೆ, ದಶಕಗಳ ಕಾಲ ಶಾಂಬರ್ಗ್ ವಿಲೇಜ್ ತನ್ನ ಪಾಲಿನ ಆಸ್ತಿ ತೆರಿಗೆಯನ್ನೇ ಹಾಕಲಿಲ್ಲ. 2009ರ ಆರ್ಥಿಕ ಹಿಂಜರಿತದ ಹೊತ್ತಿಗೆ ಅದು ಶುರುವಾಯಿತು. ಪೊಲೀಸು, ಅಗ್ನಿಶಾಮಕ, ರಸ್ತೆಯ ಹಿಮ ಎತ್ತುವ ಲಾರಿ ಇವುಗಳ ಖರ್ಚಿನ ದೊಡ್ಡ ಭಾಗವನ್ನು ಹೊರಗಿನಿಂದ ಬಂದು ಇಲ್ಲಿ ಸೀರೆಯಷ್ಟು ದುಬಾರಿಯ ಕೈಚೀಲ ಕೊಂಡವರು ಕೊಟ್ಟಿದ್ದಾರೆ. ಬೆಲೆಚೀಟಿಯಲ್ಲಿ ಕಾಣುವ ದರಕ್ಕೆ ತೆರಿಗೆ ಸೇರಿರುವುದಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಶಾಂಬರ್ಗ್‌ನಲ್ಲಿ ಅದು ಶೇ 10ರ ಆಸುಪಾಸು. ಚಿಲ್ಲರೆ ಲೆಕ್ಕ ಹಾಕಿ ಹಣ ಹಿಡಿದುಕೊಂಡು ನಿಂತರೆ ಸಾಲದೆ ಹೋಗುತ್ತದೆ.

ಮಾಲ್‌ನ ಒಳಗಿನ ರಚನೆಗೂ ಕಾರಣವಿದೆ. ದೊಡ್ಡ ಮಳಿಗೆಗಳು ತುದಿಗಳಲ್ಲಿ ಇರುತ್ತವೆ, ಸಣ್ಣ ಅಂಗಡಿಗಳು ನಡುವಿನ ಹಾದಿಯ ಎರಡೂ ಬದಿ. ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಯುವವರು ಮಧ್ಯದ ಅಂಗಡಿಗಳ ಮುಂದೆ ಹಾದುಹೋಗಲೇಬೇಕು. ಜನರನ್ನು ಎಳೆದು ತರುವ ದೊಡ್ಡ ಮಳಿಗೆಗಳಿಗೆ ಬಾಡಿಗೆ ತೀರಾ ಕಡಿಮೆ, ಕೆಲವು ಕಟ್ಟಡದ ಒಡೆಯರೇ ಆಗಿರುತ್ತವೆ. ಬಾಡಿಗೆಯ ಭಾರ ಹೊರುವುದು ಸಣ್ಣ ಅಂಗಡಿ. ಅವರ ಕರಾರಿನಲ್ಲಿ ಸಾಮಾನ್ಯವಾಗಿ ಒಂದು ಷರತ್ತು ಇರುತ್ತದೆ: ತುದಿಯ ಮಳಿಗೆ ಮುಚ್ಚಿದರೆ ನಾವು ಕಡಿಮೆ ಬಾಡಿಗೆ ಕೊಡುತ್ತೇವೆ, ಇಲ್ಲವೇ ಬಿಟ್ಟು ಹೋಗುತ್ತೇವೆ. ಒಂದು ಕಂಬ ಬಿದ್ದರೆ ಇಡೀ ಚಪ್ಪರ ವಾಲುವುದು ಈ ಕಾರಣಕ್ಕೆ. ಬ್ಲೂಮಿಂಗ್‌ಡೇಲ್‌ನ ಸ್ಟ್ರ್ಯಾಟ್‌ಫರ್ಡ್ ಸ್ಕ್ವೇರ್ ಮತ್ತು ವೆಸ್ಟ್ ಡಂಡಿಯ ಸ್ಪ್ರಿಂಗ್ ಹಿಲ್, ನಮ್ಮ ಮಕ್ಕಳು ಬೇಸಿಗೆ ರಜೆಯಲ್ಲಿ ಓಡಾಡಿದ ಈ ಎರಡೂ ಮಾಲ್‌ಗಳು 2024ರಲ್ಲಿ ಶಾಶ್ವತವಾಗಿ ಮುಚ್ಚಿದವು. ಮೌಂಟ್ ಪ್ರಾಸ್ಪೆಕ್ಟ್‌ನ ರ‍್ಯಾಂಡ್‌ಹರ್ಸ್ಟ್ ಇನ್ನೂ ಹಳೆಯದು, 1962ರದು. ಅದನ್ನು ವಿನ್ಯಾಸ ಮಾಡಿದ ವಿಕ್ಟರ್ ಗ್ರುಯೆನ್ ಅವರೇ 1956ರಲ್ಲಿ ಮಿನೆಸೋಟದ ಈಡಿನಾದಲ್ಲಿ ಸೌತ್‌ಡೇಲ್ ಎಂಬ, ಪೂರ್ತಿ ಮುಚ್ಚಿದ, ವರ್ಷವಿಡೀ ಹದವಾದ ಹವೆಯ ಮೊದಲ ಮಾಲ್ ಕಟ್ಟಿದ್ದು. ರ‍್ಯಾಂಡ್‌ಹರ್ಸ್ಟ್‌ನ ಚಾವಣಿ ಈಗಿಲ್ಲ, ಆ ಜಾಗದಲ್ಲಿ ಬಯಲು ಅಂಗಡಿಬೀದಿ ಇದೆ.

ವುಡ್‌ಫೀಲ್ಡ್ ಉಳಿದಿದೆ. ಸಿಯರ್ಸ್, ಲಾರ್ಡ್ ಆ್ಯಂಡ್ ಟೇಲರ್ ಎರಡೂ ಹೋದ ಮೇಲೂ ಮೇಸೀಸ್, ನಾರ್ಡ್‌ಸ್ಟ್ರಾಮ್, ಜೆಸಿ ಪೆನ್ನಿ ಅದನ್ನು ಹಿಡಿದು ನಿಲ್ಲಿಸಿವೆ. ಆದರೆ ಫೀಲ್ಡ್ಸ್ ಹೆಸರು ಹೋದದ್ದನ್ನು ಈ ಊರಿನವರು ಇನ್ನೂ ಮರೆತಿಲ್ಲ. ಆ ಕಂಪನಿ 1982ರಿಂದ ಕೈಯಿಂದ ಕೈಗೆ ದಾಟುತ್ತಾ ಬಂತು. 1990ರಲ್ಲಿ ಅದನ್ನು ಕೊಂಡ ಡೇಟನ್ ಹಡ್ಸನ್ ಎಂಬ ಸಂಸ್ಥೆಯೇ ಮುಂದೆ ತನ್ನ ಹೆಸರನ್ನು ಟಾರ್ಗೆಟ್ ಎಂದು ಬದಲಿಸಿಕೊಂಡದ್ದು. ನೀವು ಬಂದ ಮರುದಿನವೇ ಬಕೆಟ್ಟು, ತಲೆದಿಂಬು ಕೊಳ್ಳಲು ಹೋದಿರಲ್ಲ, ಅದೇ ಟಾರ್ಗೆಟ್. ಕೊನೆಗೆ 2006ರ ಸೆಪ್ಟೆಂಬರ್ 9ರಂದು, ವುಡ್‌ಫೀಲ್ಡ್‌ಗೆ ಸರಿಯಾಗಿ 35 ವರ್ಷ ತುಂಬಿದ ದಿನ, ಫೀಲ್ಡ್ಸ್ ಮಳಿಗೆಗಳೆಲ್ಲ ಮೇಸೀಸ್ ಆದವು. ಸ್ಟೇಟ್ ಸ್ಟ್ರೀಟ್‌ನ ಗಡಿಯಾರದ ಕೆಳಗೆ ಜನ ಫಲಕ ಹಿಡಿದು ನಿಂತು ವಿರೋಧಿಸಿದರು. ಆಗ ನನ್ನ ಪಕ್ಕದ ಮೇಜಿನ ಸಹೋದ್ಯೋಗಿಯೊಬ್ಬರು ಕಣ್ಣಲ್ಲಿ ನೀರು ತಂದುಕೊಂಡದ್ದು ನನಗೆ ಅರ್ಥವಾಗಿರಲಿಲ್ಲ. ಅಜ್ಜಿ, ಅಮ್ಮ, ತಾನು, ಮೂರು ತಲೆಮಾರು ಕ್ರಿಸ್ಮಸ್‌ಗೆ ಮುಂಚೆ ವಾಲ್‌ನಟ್ ರೂಮಿನಲ್ಲಿ ಕುಳಿತು ಉಂಡವರು ಎಂದು ಅವರು ಹೇಳಿದ ಮೇಲೆ ಅರ್ಥವಾಯಿತು. ಕಚೇರಿಯಲ್ಲಿ ವಯಸ್ಸಾದವರ ಜೊತೆ ಮಾತು ಬೆಳೆಸುವುದು ಹೇಗೆಂದು ಹೊಸಬರು ಕೇಳುತ್ತಾರೆ. ಫೀಲ್ಡ್ಸ್ ಬಗ್ಗೆ ಕೇಳಿ ನೋಡಿ.

ಒಂದು ಎಚ್ಚರಿಕೆ. ಹಣ ಕೊಡುವಾಗ ‘ನಮ್ಮ ಕಾರ್ಡ್ ಮಾಡಿಸಿದರೆ ಇವತ್ತಿನ ಖರೀದಿಗೆ ರಿಯಾಯಿತಿ’ ಎಂದು ಕೇಳುತ್ತಾರೆ. ನಾನು ಬಂದ ಮೊದಲ ತಿಂಗಳು ಒಂದು ಮಳಿಗೆಯಲ್ಲಿ ಹೂಂ ಎಂದೆ. ಹದಿನಾಲ್ಕು ಡಾಲರ್ ಉಳಿಯಿತೆಂದು ಖುಷಿಪಟ್ಟೆ. ಬಿಲ್ಲು ಹಳೆಯ ವಿಳಾಸಕ್ಕೆ ಹೋಯಿತು, ನಾನು ಗಮನಿಸಲಿಲ್ಲ. ಬಡ್ಡಿ, ದಂಡ ಸೇರಿ ಅರವತ್ತು ಡಾಲರ್ ದಾಟಿತು, ಸಾಲದ ದಾಖಲೆಗೂ ಕಪ್ಪು ಚುಕ್ಕೆ ಬಿತ್ತು. ಮಳಿಗೆಯ ಕಾರ್ಡುಗಳ ಬಡ್ಡಿ ಬ್ಯಾಂಕಿನ ಕಾರ್ಡಿಗಿಂತ ಸಾಮಾನ್ಯವಾಗಿ ಹೆಚ್ಚು. ಮನೆ, ಕಾರು ಕೊಳ್ಳುವ ಯೋಚನೆ ಇರುವವರು ವಿನಯವಾಗಿ ಬೇಡವೆನ್ನಿ.

ಕೋಟಿನ ವಿಷಯ: ಅಕ್ಟೋಬರ್‌ನಲ್ಲಿ ಒಂದು ಸಾಧಾರಣದ್ದು ಕೊಂಡು ದಿನ ದೂಡಿ. ಕ್ರಿಸ್ಮಸ್ ಕಳೆದ ಮೇಲೆ ಒಳ್ಳೆಯ ಕೋಟುಗಳ ಬೆಲೆ ಇಳಿಯುತ್ತದೆ, ಆದರೆ ನಿಜವಾದ ಚಳಿ ಆಗಿನ್ನೂ ಅರ್ಧವೂ ಮುಗಿದಿರುವುದಿಲ್ಲ. ಹಾಸಿಗೆ ಬಟ್ಟೆ, ಟವೆಲ್ಲುಗಳಿಗೆ ಜನವರಿಯ ‘ವೈಟ್ ಸೇಲ್’ ಕಾಯಿರಿ. ಅದು ಹತ್ತೊಂಬತ್ತನೆಯ ಶತಮಾನದಿಂದ ಡಿಪಾರ್ಟ್‌ಮೆಂಟ್ ಸ್ಟೋರುಗಳು ನಡೆಸಿಕೊಂಡು ಬಂದ ವಾಡಿಕೆ. ಕಾರು ಇನ್ನೂ ಇಲ್ಲದಿದ್ದರೆ ರೋಸ್‌ಮಾಂಟ್‌ನ ಬ್ಲೂ ಲೈನ್ ರೈಲು ನಿಲ್ದಾಣದಿಂದ ಶಾಂಬರ್ಗ್ ಕಡೆಗೆ ಉಪನಗರಗಳ ಪೇಸ್ ಬಸ್ ಇದೆ.

ನನಗೆ ವುಡ್‌ಫೀಲ್ಡ್ ಅಂಗಡಿಗಿಂತ ಹೆಚ್ಚಾಗಿ ಅಪ್ಪನ ನೆನಪು. ತಿಪಟೂರಿನಲ್ಲಿ ದಿನವೂ ಬೆಳಿಗ್ಗೆ ಎರಡು ಮೈಲಿ ನಡೆದು ರೂಢಿಯಾದ ಮೇಷ್ಟ್ರು ಅವರು. ಇಲ್ಲಿಗೆ ಬಂದದ್ದು ಜನವರಿಯಲ್ಲಿ. ಕಿಟಕಿಯ ಗಾಜಿಗೆ ಹಣೆಯಿಟ್ಟು ಹಿಮ ನೋಡುತ್ತಾ ಮೂರು ದಿನ ಕುಳಿತರು, ನಾಲ್ಕನೆಯ ದಿನ ‘ನನ್ನನ್ನು ಊರಿಗೆ ಕಳಿಸಿಬಿಡು’ ಎಂದರು. ಅವರನ್ನು ಕಚೇರಿಗೆ ಹೋಗುವ ದಾರಿಯಲ್ಲಿ ಮಾಲ್‌ನಲ್ಲಿ ಬಿಟ್ಟು, ಮಧ್ಯಾಹ್ನ ಕರೆದುಕೊಂಡು ಬರತೊಡಗಿದೆ. ಮಂಕಿ ಕ್ಯಾಪ್, ಪಂಚೆಯ ಬದಲು ಪ್ಯಾಂಟು, ಕಾಲಿಗೆ ನನ್ನ ಹಳೆಯ ಶೂ. ಸಿಯರ್ಸ್ ತುದಿಯಿಂದ ಫೀಲ್ಡ್ಸ್ ತುದಿಗೆ, ಮೇಲಿನ ಹಂತದಲ್ಲಿ ಹೋಗಿ ಕೆಳಗಿನ ಹಂತದಲ್ಲಿ ಬರುವುದು. ಅಂಗಡಿಗಳು ತೆರೆಯುವ ಮುನ್ನವೇ ಹೀಗೆ ನಡೆಯುವ ಇಲ್ಲಿನ ಹಿರಿಯರ ಒಂದು ಗುಂಪು ಇತ್ತು. ಎರಡನೆಯ ವಾರಕ್ಕೆ ಅಪ್ಪ ಅವರಲ್ಲಿ ಒಬ್ಬರಾದರು.

ಅವರಿಗೆ ಗೆಳೆಯರಾದವರು ಸಿಯರ್ಸ್‌ನಲ್ಲಿ ಬಟ್ಟೆ ಒಗೆಯುವ ಯಂತ್ರ ಮಾರಿ ನಿವೃತ್ತರಾದವರು. ಕಂಪನಿ 1916ರಿಂದಲೇ ನೌಕರರಿಗೆ ಲಾಭದಲ್ಲಿ ಪಾಲು ಕೊಡುತ್ತಿತ್ತು, ಆ ಹಣದಿಂದಲೇ ಮನೆಯ ಸಾಲ ತೀರಿಸಿದೆ ಎಂದು ಅವರು ಹೇಳಿದ್ದನ್ನು ಅಪ್ಪ ಊಟದ ಹೊತ್ತಿನಲ್ಲಿ ನನಗೆ ವಿವರಿಸಿದರು. ‘ನಮ್ಮ ಸೊಸೈಟಿಯ ಷೇರಿನಂತೆ, ಆದರೆ ದೊಡ್ಡದು’ ಎಂದರು. ಅಪ್ಪನ ಇಂಗ್ಲಿಷ್ ಪಾಠ ಮಾಡುವ ಇಂಗ್ಲಿಷ್, ನಿಧಾನ, ಒತ್ತಕ್ಷರ ಸ್ಪಷ್ಟ. ಆ ಗೆಳೆಯರಿಗೆ ಕಿವಿ ಮಂದ. ಇಬ್ಬರಿಗೂ ಅದು ಸರಿಹೊಂದಿತ್ತು. ಆರು ತಿಂಗಳು ಮುಗಿದು ಅಪ್ಪ ಹೊರಟಾಗ ಅವರು ಸಿಯರ್ಸ್‌ನದೇ ಆದ ಒಂದು ಕ್ರಾಫ್ಟ್ಸ್‌ಮನ್ ಸ್ಕ್ರೂಡ್ರೈವರ್ ಉಡುಗೊರೆ ಕೊಟ್ಟರು. ಅದು ತಿಪಟೂರಿನ ಮನೆಯಲ್ಲಿ, ಹೊಲಿಗೆ ಯಂತ್ರದ ಡ್ರಾಯರ್‌ನಲ್ಲಿ ಇದೆ.

2018ರ ಅಕ್ಟೋಬರ್‌ನಲ್ಲಿ ಸಿಯರ್ಸ್ ದಿವಾಳಿ ಅರ್ಜಿ ಹಾಕಿದ ಸುದ್ದಿಯನ್ನು ಫೋನಿನಲ್ಲಿ ಹೇಳಿದೆ. ಅಪ್ಪ ಮೊದಲು ಕೇಳಿದ್ದು ‘ಅವರ ಷೇರು ಏನಾಯಿತು?’ ಎಂದು.

ಆದ್ದರಿಂದ ನಿಮ್ಮ ಅಪ್ಪ, ಅಮ್ಮ, ಅತ್ತೆ, ಮಾವ ಚಳಿಗಾಲದಲ್ಲಿ ಬರುವವರಿದ್ದರೆ ಮೊದಲ ವಾರವೇ ಕರೆದುಕೊಂಡು ಹೋಗಿ ದಾರಿ ತೋರಿಸಿ. ಕಾರು ನಿಲ್ಲಿಸಿದ ಕಡೆಯ ಮಳಿಗೆಯ ಹೆಸರನ್ನೂ ಒಳಹೊಕ್ಕ ಬಾಗಿಲು ಮೇಲಿನ ಹಂತದ್ದೋ ಕೆಳಗಿನದ್ದೋ ಎಂಬುದನ್ನೂ ಚೀಟಿಯಲ್ಲಿ ಕನ್ನಡದಲ್ಲಿ ಬರೆದು ಅವರ ಜೇಬಿಗೆ ಹಾಕಿ. ಇಲ್ಲಿ ಎರಡೂ ಹಂತಗಳಿಗೆ ಹೊರಗಿನಿಂದ ನೇರ ಬಾಗಿಲುಗಳಿವೆ, ಒಂದು ಹಂತ ತಪ್ಪಿದರೆ ಎದುರಿಗೆ ಬೇರೆಯದೇ ಪಾರ್ಕಿಂಗ್ ಬಯಲು ಕಾಣುತ್ತದೆ. ಜೊತೆಗೆ ನಿಮ್ಮ ಫೋನ್ ನಂಬರು ಇರಲಿ, ಒಂದು ಬಾಳೆಹಣ್ಣೂ ಇರಲಿ.