ಹಳೇ ಫಿಲ್ಮ್ ಕಾಲದ ಫಿಲ್ಟರ್‌ಗಳನ್ನ ಡಿಜಿಟಲ್ ಕ್ಯಾಮೆರಾಗೆ ಹಾಕಿದ ನನ್ನ ಅನುಭವ

ಫಿಲ್ಮ್ ಕ್ಯಾಮೆರಾ ಕಾಲದಲ್ಲಿ ಕೂಡಿಟ್ಟಿದ್ದ ಫಿಲ್ಟರ್‌ಗಳನ್ನ, ಅಂದ್ರೆ ಲೆನ್ಸ್ ಮುಂದೆ ಹಾಕೋ ಗಾಜುಗಳನ್ನ, ಈಗ ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ ಡಿಜಿಟಲ್) ಕ್ಯಾಮೆರಾಗೆ ಹಾಕ್ತಾ ಇದೀನಿ, ಎಲ್ಲಾ ಕೆಲಸಕ್ಕೆ ಬರಲ್ಲ ನಿಜ, ಆದ್ರೆ ಬರೋವು ತುಂಬಾ ಚೆನ್ನಾಗಿವೆ. ನಾನು ನೋಡೋದು ಇಷ್ಟೇ, ಫೋಟೋ ತೆಗೆದಮೇಲೆ ಕಂಪ್ಯೂಟರ್‌ನಲ್ಲಿ ಮಾಡೋಕಾಗದೇ ಇರೋ ಕೆಲಸ ಈ ಗಾಜು ಮಾಡುತ್ತಾ ಅಂತ.

ನನ್ನ ಫಿಲ್ಟರ್‌ಗಳೆಲ್ಲ 52 ಎಂಎಂ ಅಗಲದವು. ಅದಕ್ಕಿಂತ ಸಣ್ಣ ಥ್ರೆಡ್ (ಫಿಲ್ಟರ್ ತಿರುಗಿಸಿ ಕೂರಿಸೋ ಜಾಗ) ಇರೋ ಲೆನ್ಸ್‌ಗೆ ಸ್ಟೆಪ್ ಅಪ್ ರಿಂಗ್ ಅನ್ನೋ ಜೋಡಿಸೋ ಬಳೆ ಸಾಕು, ದೊಡ್ಡ ಲೆನ್ಸ್‌ಗೆ ಹಾಕೋಕೆ ಹೋದ್ರೆ ಮೂಲೆ ಎಲ್ಲಾ ಕಪ್ಪಾಗುತ್ತೆ.

ಮೊದಲು ಪೋಲರೈಸರ್, ಅಂದ್ರೆ ಹೊಳಪು ತೆಗೆಯೋ ಫಿಲ್ಟರ್. ಅದರಲ್ಲಿ ಲೀನಿಯರ್, ಸರ್ಕ್ಯುಲರ್ ಅಂತ ಎರಡು ಬಗೆ. ಹಳೇವು ಲೀನಿಯರ್ ಇರ್ತವೆ, ಡಿಜಿಟಲ್‌ಗೆ ಆಗಲ್ಲ ಸರ್ಕ್ಯುಲರ್ರೇ ಬೇಕು ಅಂತಾರೆ, ಅದು ಡಿಎಸ್ಎಲ್ಆರ್‌ಗೆ ಸರಿ, ಯಾಕಂದ್ರೆ ಅದರೊಳಗಿನ ಕನ್ನಡಿ ಒಂದಷ್ಟು ಬೆಳಕನ್ನ ಮಾತ್ರ ಬಿಟ್ಟು ಫೋಕಸ್‌ಗೆ ಕಳಿಸುತ್ತೆ, ಅಲ್ಲಿ ಲೀನಿಯರ್ ಹಾಕಿದ್ರೆ ಮೀಟರು (ಬೆಳಕಿನ ಅಳತೆ) ಫೋಕಸ್ಸು ಎರಡೂ ತಪ್ಪಬಹುದು. ಮಿರರ್‌ಲೆಸ್‌ನಲ್ಲಿ ಆ ಕನ್ನಡಿನೇ ಇಲ್ವಲ್ಲ, ನನಗೆ ಆರಾಮಾಗಿ ನಡೀತಿದೆ. ನಿಮ್ಮದು ಯಾವುದು ಅಂತ ಗೊತ್ತಿಲ್ದಿದ್ರೆ ಎಲ್‌ಸಿಡಿ ಸ್ಕ್ರೀನ್ ಮುಂದೆ ಹಿಡಿದು ತಿರುಗಿಸಿ, ಆಮೇಲೆ ಮಗುಚಿ ಹಿಡಿದು ಇನ್ನೊಂದ್ಸಲ ತಿರುಗಿಸಿ, ಎರಡೂ ಕಡೆಯಿಂದ ಪೂರ್ತಿ ಕಪ್ಪಾದ್ರೆ ಲೀನಿಯರ್. ನೀರಿನ ಮೇಲಿನ, ಎಲೆ ಮೇಲಿನ ಹೊಳಪು ತೆಗೆಯೋದನ್ನ ಯಾವ ಸಾಫ್ಟ್‌ವೇರೂ ಇಷ್ಟು ಚೆನ್ನಾಗಿ ಮಾಡಲ್ಲ.

ನನಗೆ ತುಂಬಾ ಇಷ್ಟ ಆಗಿದ್ದು 80ಎ ಅನ್ನೋ ನೀಲಿ ಫಿಲ್ಟರ್. ಕ್ಯಾಮೆರಾದಲ್ಲೇ ಬಣ್ಣ ಸರಿಮಾಡೋ ವೈಟ್ ಬ್ಯಾಲೆನ್ಸ್ ಇರೋವಾಗ ಇದ್ಯಾಕೆ ಅಂತ ಎಲ್ರೂ ಎಸೀತಾರೆ. ಆದ್ರೆ ಟಂಗ್‌ಸ್ಟನ್ ಬಲ್ಬ್ ಬೆಳಕಲ್ಲಿ ಕೆಂಪು ಜಾಸ್ತಿ ನೀಲಿ ತೀರಾ ಕಮ್ಮಿ, ವೈಟ್ ಬ್ಯಾಲೆನ್ಸ್ ಆ ಕಮ್ಮಿ ಇರೋ ನೀಲಿಯನ್ನ ಎಳೆದು ಜಾಸ್ತಿ ಮಾಡುತ್ತೆ, ಜೊತೆಗೆ ನಾಯ್ಸೂ (ಚುಕ್ಕೆ ಚುಕ್ಕೆ ಕೊಳೆ) ಬರುತ್ತೆ. 80ಎ ಹಾಕಿದ್ರೆ ಕೆಂಪು ಮೊದಲೇ ತಗ್ಗಿ ಕೆಂಪು ಹಸಿರು ನೀಲಿ ಮೂರೂ ಚಾನೆಲ್ ಹೆಚ್ಚುಕಮ್ಮಿ ಸಮವಾಗಿ ತುಂಬುತ್ತೆ, ನೆರಳಿನ ಜಾಗ ಎಷ್ಟು ಶುದ್ಧವಾಗಿ ಬರುತ್ತೆ ಅಂದ್ರೆ ನೋಡಿದ್ರೇನೇ ಗೊತ್ತಾಗೋದು. ಸುಮಾರು 2 ಸ್ಟಾಪ್ ಬೆಳಕು ಹೋಗುತ್ತೆ, ಅಂದ್ರೆ ನಾಲ್ಕರಲ್ಲಿ ಒಂದು ಪಾಲೇ ಉಳಿಯೋದು, ಹಾಗಾಗಿ ಟ್ರೈಪಾಡ್ ಮೇಲಿಟ್ಟು ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಕೆಳಗಿಟ್ಟು ತೆಗೆದ್ರೆ ಮಾತ್ರ ಲಾಭ, ಐಎಸ್ಒ ಏರಿಸಿದ್ರೆ ಗಳಿಸಿದ್ದೆಲ್ಲ ಅಲ್ಲೇ ಹೋಯ್ತು.

ಕಪ್ಪು ಬಿಳುಪಿಗೆ ಅಂತಿದ್ದ ಕೆಂಪು 25 ನಂಬರ್ ಮಾತ್ರ ಹಾಕಲ್ಲ. ಬೆಳಕು ಹಿಡಿಯೋ ಮಾಮೂಲಿ ಸೆನ್ಸರ್‌ನಲ್ಲಿ ನಾಲ್ಕು ಪಿಕ್ಸೆಲ್‌ಗೆ ಒಂದೇ ಕೆಂಪು, ಉಳಿದ ಮೂರು ಹೆಚ್ಚುಕಮ್ಮಿ ಖಾಲಿ ಕೂರುತ್ತೆ, ಡೀಟೇಲ್ ಹೋಗುತ್ತೆ. ಬಣ್ಣದಲ್ಲೇ ತೆಗೆದು ಆಮೇಲೆ ಕೆಂಪು ಚಾನೆಲ್‌ನಿಂದ ಕಪ್ಪು ಬಿಳುಪು ಮಾಡೋದೇ ವಾಸಿ. 2012ರ ಲೈಕಾ ಎಂ ಮೊನೊಕ್ರೋಮ್ ಕ್ಯಾಮೆರಾ ತರ ಬಣ್ಣವೇ ಇಲ್ಲದ ಸೆನ್ಸರ್ ಇದ್ರೆ ಬೇರೆ ಮಾತು, ಅಲ್ಲಿ ಹಳದಿ ಕೆಂಪು ಎಲ್ಲಾ ಫಿಲ್ಮ್ ತರಾನೇ ಕೆಲಸ ಮಾಡ್ತವೆ. ಯುವಿ (ಕಣ್ಣಿಗೆ ಕಾಣದ ನೇರಳಾತೀತ ಕಿರಣ ತಡೆಯೋ) ಫಿಲ್ಟರೂ ಬೇಕಿಲ್ಲ, ಸೆನ್ಸರ್ ಮುಂದಿನ ಗಾಜೇ ಆ ಕಿರಣಗಳನ್ನ ತಡೆಯುತ್ತೆ.

ಹಳೇ ಗಾಜಿಗೆ ಕೋಟಿಂಗ್ ಕಮ್ಮಿ, ಎದುರು ಬೆಳಕಿದ್ರೆ ಫ್ಲೇರ್ (ಬೆಳಕು ಚದುರಿ ಬರೋ ಮಸುಕು) ಬರುತ್ತೆ, ಲೆನ್ಸ್‌ಗೆ ನೆರಳು ಕೊಡೋ ಹುಡ್ ಹಾಕ್ಕೊಳ್ಳಿ, ಒಂದರ ಮೇಲೊಂದು ಫಿಲ್ಟರ್ ಪೇರಿಸಬೇಡಿ.