ನಮ್ಮ ಕ್ಲಿನಿಕ್ಕಿನ ಚಿಕಿತ್ಸೆಯ ಗುಣಮಟ್ಟವನ್ನು ನಾವೇ ಅಳೆದ ಬಗೆ

ಬಂದು ಹೋಗುವ ರೋಗಿಗಳ ಮೆಚ್ಚುಗೆಯನ್ನು ನಂಬಿ ಒಂದು ಕ್ಲಿನಿಕ್ಕಿನ ಚಿಕಿತ್ಸೆ ಚೆನ್ನಾಗಿದೆ ಎನ್ನಲಾಗದು ಎಂಬ ಅನುಮಾನ ವೈದ್ಯನಾಗಿ ನನಗೆ ಬಹುಕಾಲದಿಂದ ಇತ್ತು. ಮೆಚ್ಚದವರಲ್ಲಿ ಹೆಚ್ಚಿನವರು ದೂರು ಹೇಳುವ ಗೋಜಿಗೆ ಹೋಗದೆ ಬರುವುದನ್ನೇ ಬಿಟ್ಟುಬಿಡುತ್ತಾರೆ. ಹಾಗಾಗಿ ನಮ್ಮ ಕ್ಲಿನಿಕ್ಕಿನ ಗುಣಮಟ್ಟವನ್ನು ಪರಿಶೀಲಿಸಲು ಕುಳಿತಾಗ, ಯಾವ ಯಾವ ರೋಗಿಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂಬುದನ್ನು ಮೊದಲು ತೀರ್ಮಾನಿಸಿ, ಏನನ್ನು ಅಳೆಯಬೇಕೆಂಬುದನ್ನು ಆಮೇಲೆ ನೋಡಿದೆವು.

ಈ ಬಗೆಯ ಪರಿಶೀಲನೆಗೆ ಇಂದಿಗೂ ಬಳಕೆಯಲ್ಲಿರುವ ಚೌಕಟ್ಟನ್ನು 1966ರಲ್ಲಿ ವೈದ್ಯ, ಸಂಶೋಧಕ ಅವೆಡಿಸ್ ಡೊನಬೇಡಿಯನ್ ಮುಂದಿಟ್ಟರು: ವ್ಯವಸ್ಥೆ ಹೇಗಿದೆ, ಕೆಲಸ ಹೇಗೆ ನಡೆಯುತ್ತದೆ, ರೋಗಿಗೆ ಕೊನೆಗೆ ಏನಾಯಿತು ಎಂಬ ಮೂರು ಭಾಗಗಳು ಅದರಲ್ಲಿವೆ. ವ್ಯವಸ್ಥೆಯನ್ನು ನೋಡುವುದು ಸುಲಭ. ಲಸಿಕೆಯ ಫ್ರಿಜ್ 2ರಿಂದ 8 ಡಿಗ್ರಿ ಸೆಲ್ಸಿಯಸ್ ಒಳಗೆ ಇದೆಯೇ, ತುರ್ತು ಔಷಧಗಳ ಅವಧಿ ಮುಗಿದಿಲ್ಲವೇ ಎಂಬುದು ಒಂದು ಮಧ್ಯಾಹ್ನದಲ್ಲಿ ತಿಳಿಯುತ್ತದೆ. ನಿಜವಾಗಿ ಬೇಕಾದದ್ದು ಮೂರನೆಯ ಭಾಗದ ಉತ್ತರವಾದರೂ, ಸಣ್ಣ ಕ್ಲಿನಿಕ್ಕಿನಲ್ಲಿ ವರ್ಷಕ್ಕೆ ಕಾಣುವ ಪಾರ್ಶ್ವವಾಯು, ಹೃದಯಾಘಾತಗಳ ಸಂಖ್ಯೆ ಬಹಳ ಕಡಿಮೆಯಿರುವುದರಿಂದ ಅದರ ಏರಿಳಿತ ಚಿಕಿತ್ಸೆಯಿಂದ ಆದದ್ದೋ ಆಕಸ್ಮಿಕವೋ ಹೇಳಲಾಗದು. ಆದ್ದರಿಂದ ನಡುವಿನ ಭಾಗಕ್ಕೆ, ಅಂದರೆ ಕೆಲಸ ನಡೆಯುವ ಬಗೆಗೆ, ಹೆಚ್ಚಿನ ಸಮಯ ಕೊಟ್ಟೆವು.

ಆರಂಭಿಸಿದ್ದು ರಕ್ತದೊತ್ತಡದಿಂದ. ಇತ್ತೀಚೆಗೆ ಬಂದವರ ಕಡತಗಳನ್ನಷ್ಟೇ ತೆಗೆದು ನೋಡುವುದು ವಾಡಿಕೆ. ಅದರ ಬದಲು, ಎಂದಾದರೊಮ್ಮೆ ನಾವು ರಕ್ತದೊತ್ತಡದ ಮಾತ್ರೆ ಬರೆದುಕೊಟ್ಟ ಎಲ್ಲರ ಪಟ್ಟಿ ಮಾಡಿ, ಕಳೆದ ಒಂದು ವರ್ಷದಲ್ಲಿ ಅಳತೆಯೇ ಇಲ್ಲದವರನ್ನು ಹತೋಟಿಯಲ್ಲಿಲ್ಲದವರ ಸಾಲಿಗೆ ಸೇರಿಸಿದೆವು. ಬರುತ್ತಿರುವವರನ್ನು ಮಾತ್ರ ಎಣಿಸಿದಾಗ ಹೆಮ್ಮೆಪಡುವಂತಿದ್ದ ಪ್ರಮಾಣ, ಎಲ್ಲರನ್ನೂ ಎಣಿಸಿದಾಗ ಗಣನೀಯವಾಗಿ ಕುಸಿಯಿತು. ಹಿರಿಯ ಸಹೋದ್ಯೋಗಿಯೊಬ್ಬರು, ಬಾರದವರ ಹೊಣೆ ನಮ್ಮದು ಹೇಗಾಗುತ್ತದೆ ಎಂದು ಆಕ್ಷೇಪಿಸಿದರು. ಆಕ್ಷೇಪದಲ್ಲಿ ಹುರುಳಿತ್ತು, ಆದ್ದರಿಂದ ಬಾರದವರಿಗೆ ದೂರವಾಣಿ ಕರೆ ಮಾಡಿಸಿದೆವು. ಕೆಲವರು ತೀರಿಕೊಂಡಿದ್ದರು, ಕೆಲವರು ವಾಸ ಬದಲಿಸಿ ಬೇರೆ ಕಡೆ ಚಿಕಿತ್ಸೆ ಪಡೆಯುತ್ತಿದ್ದರು. ಈ ಎರಡೂ ಗುಂಪನ್ನು ಪಟ್ಟಿಯಿಂದ ತೆಗೆದೆವು. ಉಳಿದವರಲ್ಲಿ ಬಹಳ ಮಂದಿ, ತಲೆಸುತ್ತು ನಿಂತಿತೆಂದು ಮಾತ್ರೆಯನ್ನೂ ನಿಲ್ಲಿಸಿದ್ದರು. ರಕ್ತದೊತ್ತಡಕ್ಕೆ ಸಾಮಾನ್ಯವಾಗಿ ಯಾವ ಲಕ್ಷಣವೂ ಇರುವುದಿಲ್ಲ ಎಂಬುದನ್ನು ಅವರಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಅದರ ಹೊಣೆ ನಮ್ಮದೇ.

ಬರೆದಿಟ್ಟ ಅಂಕಿಗಳನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದೂ ಅಲ್ಲಿಯೇ ಬಯಲಾಯಿತು. ಎಲೆಕ್ಟ್ರಾನಿಕ್ ಯಂತ್ರದ ಅಳತೆಯ ಕೊನೆಯ ಅಂಕಿ ಸೊನ್ನೆಯಾಗಿರುವುದು ಸುಮಾರು ಹತ್ತರಲ್ಲಿ ಒಂದು ಸಲ ಮಾತ್ರ. ನಮ್ಮ ಕಡತಗಳಲ್ಲಾದರೋ 130/80, 140/90 ಎಂಬ ದುಂಡನೆಯ ಅಂಕಿಗಳೇ ಸಾಲುಗಟ್ಟಿದ್ದವು. 140/90 ಎಂಬುದು ಅನೇಕ ಮಾರ್ಗಸೂಚಿಗಳಲ್ಲಿ ಕಾಯಿಲೆಯನ್ನು ಗುರುತಿಸುವ ಗಡಿ; ಅದರ ಹತ್ತಿರ ಅಂಕಿಯನ್ನು ಆಚೀಚೆ ಮಾಡಿದರೆ ಒಬ್ಬ ಮನುಷ್ಯ ವರ್ಷಾನುಗಟ್ಟಲೆ ಮಾತ್ರೆ ನುಂಗುವುದೋ ಬಿಡುವುದೋ ನಿರ್ಧಾರವಾಗಿಬಿಡುತ್ತದೆ. ಅಳೆಯುವುದನ್ನು ಪಕ್ಕದಲ್ಲಿ ನಿಂತು ನೋಡಿದಾಗ, ರೋಗಿ ನಡೆದು ಬಂದ ಕೂಡಲೇ, ಮಾತನಾಡುತ್ತಿರುವಾಗಲೇ, ಎಲ್ಲರಿಗೂ ಒಂದೇ ಅಳತೆಯ ಪಟ್ಟಿಯನ್ನು ತೋಳಿಗೆ ಸುತ್ತುತ್ತಿದ್ದುದು ಕಂಡಿತು. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಒತ್ತಡ ಇರುವುದಕ್ಕಿಂತ ಹೆಚ್ಚು ತೋರುತ್ತದೆ. ಯಾರನ್ನೂ ದೂರದೆ, ಬೆನ್ನಿಗೆ ಆಸರೆಯಿರುವ ಒಂದು ಕುರ್ಚಿಯನ್ನು ಪಕ್ಕದ ಕೋಣೆಯಲ್ಲಿ ಹಾಕಿಸಿ, ಐದು ನಿಮಿಷ ಸುಮ್ಮನೆ ಕುಳಿತ ಮೇಲೆ ಎರಡು ಬಾರಿ ಅಳೆದು, ಯಂತ್ರ ತೋರಿಸಿದ್ದನ್ನೇ ಬರೆಯುವ ಕ್ರಮವನ್ನು ನರ್ಸ್‌ಗಳ ಜೊತೆ ಕೂತು ಗೊತ್ತುಮಾಡಿಕೊಂಡೆವು. ನೂರು ಸುತ್ತೋಲೆಗಳಿಗಿಂತ ಆ ಕುರ್ಚಿ ಹೆಚ್ಚು ಕೆಲಸ ಮಾಡಿತು.

ಗಂಟಲು ನೋವಿಗೆ ಆಂಟಿಬಯಾಟಿಕ್ ಬರೆಯುವ ವಿಚಾರದಲ್ಲಿ, ಯಾರು ಎಷ್ಟು ಬರೆದರು ಎಂದು ಎಣಿಸಿ ವೈದ್ಯರನ್ನು ಸಾಲಾಗಿ ನಿಲ್ಲಿಸುವುದಕ್ಕೆ ನಾನು ಒಪ್ಪಲಿಲ್ಲ. ಹೆಚ್ಚಿನ ಗಂಟಲು ನೋವಿಗೆ ವೈರಸ್ ಕಾರಣವೆಂಬುದು ನಿಜ, ಆದರೆ ಒಬ್ಬರ ಬಳಿಗೆ ಹೋಗುವ ರೋಗಿಗಳಂಥವರೇ ಇನ್ನೊಬ್ಬರ ಬಳಿಗೂ ಹೋಗುತ್ತಾರೆ ಎನ್ನುವಂತಿಲ್ಲ. ಗಂಟಲು ನೋವಿಗೆ ಬ್ಯಾಕ್ಟೀರಿಯಾ ಕಾರಣವಿರಬಹುದೇ ಎಂದು ಅಂದಾಜಿಸಲು 1981ರಲ್ಲಿ ವೈದ್ಯ ರಾಬರ್ಟ್ ಸೆಂಟರ್ ಮತ್ತು ಸಹೋದ್ಯೋಗಿಗಳು ಹೆಸರಿಸಿದ ನಾಲ್ಕು ಚಿಹ್ನೆಗಳು, ಅಂದರೆ ಜ್ವರ, ಟಾನ್ಸಿಲ್ ಮೇಲಿನ ಕೀವು, ಕುತ್ತಿಗೆಯ ಮುಂಭಾಗದಲ್ಲಿ ನೋಯುವ ಗಂಟುಗಳು, ಕೆಮ್ಮು ಇಲ್ಲದಿರುವುದು, ಕಡತದಲ್ಲಿ ದಾಖಲಾಗಿವೆಯೇ ಮತ್ತು ಔಷಧ ಅವುಗಳಿಗೆ ಹೊಂದುತ್ತದೆಯೇ ಎಂದು ಮಾತ್ರ ನೋಡಿದೆವು. ಯಾವ ವೈದ್ಯರೂ ತಮ್ಮ ಕಡತವನ್ನು ತಾವು ಪರಿಶೀಲಿಸಬಾರದು, ಒಂದೊಂದನ್ನೂ ಇಬ್ಬರು ಬೇರೆ ಬೇರೆಯಾಗಿ ನೋಡಬೇಕು ಎಂದು ನಿಯಮವಿತ್ತು. ಇಬ್ಬರ ತೀರ್ಪು ಬೇರೆಯಾದಲ್ಲೆಲ್ಲ ನಮ್ಮ ಮಾನದಂಡವೇ ಅಸ್ಪಷ್ಟವಾಗಿತ್ತೆಂಬುದು ತಿಳಿಯುತ್ತಿತ್ತು. ಅದನ್ನು ತಿದ್ದಿ ಮತ್ತೆ ಮೊದಲಿನಿಂದ ಓದುವುದು ಬೇಸರದ ಕೆಲಸವೇ ಸರಿ.

ಪ್ರಯೋಗಾಲಯದ ವರದಿಗಳ ವಿಷಯದಲ್ಲಿ, ಪರೀಕ್ಷೆ ಬರೆದದ್ದು, ವರದಿ ಬಂದದ್ದು, ವೈದ್ಯರು ನೋಡಿದ್ದು, ರೋಗಿಗೆ ತಿಳಿಸಿದ್ದು ಎಂದು ಒಂದೊಂದು ವರದಿಯ ದಾರಿಯನ್ನೂ ಹಿಂಬಾಲಿಸಿದೆವು. ಕೊಂಡಿ ಕಳಚುತ್ತಿದ್ದುದು ಕೊನೆಯ ಎರಡರ ನಡುವೆ. ಏನೂ ಹೇಳಲಿಲ್ಲವೆಂದರೆ ಎಲ್ಲ ಸರಿಯಿದೆ ಎಂದು ರೋಗಿಗಳು ತಿಳಿಯುತ್ತಿದ್ದರು, ಅವರೇ ಬಂದು ಕೇಳುತ್ತಾರೆಂದು ನಾವು ಕಾಯುತ್ತಿದ್ದೆವು. ಸರಿಯಿರುವ ವರದಿಯನ್ನೂ ತಿಳಿಸಲೇಬೇಕೆಂದು ಮಾಡಿದ ಮೇಲೆ, ತಿಳಿಸದೆ ಉಳಿದವು ತಾವಾಗಿ ಕಣ್ಣಿಗೆ ಬೀಳತೊಡಗಿದವು.

ರೋಗಿಗಳನ್ನು ಕೇಳುವಾಗ ತೃಪ್ತಿಯಾಯಿತೇ ಎಂದು ಕೇಳಲಿಲ್ಲ; ಆ ಪ್ರಶ್ನೆಗೆ ಎಲ್ಲರೂ ಸೌಜನ್ಯದಿಂದ ಹೌದೆನ್ನುತ್ತಾರೆ. ಹೊಸ ಮಾತ್ರೆಯಿಂದ ಏನು ತೊಂದರೆಯಾಗಬಹುದೆಂದು ಹೇಳಿದರೇ, ಯಾವ ಲಕ್ಷಣ ಕಂಡರೆ ಕೂಡಲೇ ಬರಬೇಕೆಂದು ತಿಳಿಸಿದರೇ ಎಂದು, ಚಿಕಿತ್ಸೆಗೆ ಸಂಬಂಧಪಡದ ಒಬ್ಬರಿಂದ ಕೇಳಿಸಿದೆವು. ಬ್ರಿಟನ್ನಿನಲ್ಲಿ 2004ರಲ್ಲಿ ಇಂಥ ಸೂಚ್ಯಂಕಗಳಿಗೆ ಕುಟುಂಬ ವೈದ್ಯರ ಸಂಭಾವನೆಯ ಒಂದು ಭಾಗವನ್ನು ಜೋಡಿಸಿದರು. ನಮ್ಮಲ್ಲಿ ಯಾರ ಸಂಬಳಕ್ಕೂ ಅಂಕಿಗಳ ನಂಟಿಲ್ಲದ್ದರಿಂದಲೇ ನರ್ಸ್‌ಗಳು ಮುಚ್ಚುಮರೆಯಿಲ್ಲದೆ ಮಾತನಾಡಿದರು ಎಂದು ನನ್ನ ಎಣಿಕೆ.

ಬದಲಾವಣೆಗಳು ನೆಲೆಗೊಂಡ ಬಳಿಕ ಅದೇ ವ್ಯಾಖ್ಯೆಗಳನ್ನಿಟ್ಟುಕೊಂಡು ಮತ್ತೊಮ್ಮೆ ಅಳೆದೆವು. ಸೊನ್ನೆಯಲ್ಲಿ ಮುಗಿಯುವ ಅಳತೆಗಳು ಬಹಳ ಕಡಿಮೆಯಾಗಿದ್ದವು. ರಕ್ತದೊತ್ತಡ ಹತೋಟಿಯಲ್ಲಿರುವವರ ಪ್ರಮಾಣ ಮಾತ್ರ ಹೆಚ್ಚೇನೂ ಏರಿರಲಿಲ್ಲ, ಏಕೆಂದರೆ ಸರಿಯಾಗಿ ಅಳೆಯತೊಡಗಿದ ಮೇಲೆ ಹೊಸದಾಗಿ ಪತ್ತೆಯಾದವರು ಪಟ್ಟಿಗೆ ಸೇರಿದ್ದರು. ಹಳೆಯ ಪಟ್ಟಿಯವರದು ಒಂದು, ಹೊಸಬರನ್ನು ಸೇರಿಸಿದ್ದು ಇನ್ನೊಂದು ಎಂದು ಎರಡೂ ಪ್ರಮಾಣಗಳನ್ನು ಅಕ್ಕಪಕ್ಕದಲ್ಲಿಟ್ಟು ವರದಿ ಬರೆದೆ.